ಮನೆ ಖರೀದಿ: ಮುಂಗಡಕ್ಕೆ ಮುನ್ನವೇ ನಡೆಯಲಿ ತಪಾಸಣೆ

ಬೆಂಗಳೂರಿನಿಂದ ಸುಮಾರು 75 ಕಿ.ಮೀ. ದೂರದಲ್ಲಿರುವ ಚಿಂತಾಮಣಿ ಪಟ್ಟಣದಲ್ಲಾಗಲಿ, ಅದೇ ತಾಲ್ಲೂಕಿನ ಅಂಬಾಜಿದುರ್ಗ ಹೋಬಳಿಯ ಹಳ್ಳಿಗಳಲ್ಲಾಗಲಿ ಮನೆ ಕೊಳ್ಳಲು ಹೊರಟವರಿಗೆ ಮೊದಲು ಎದುರಾಗುವುದು ದಾಖಲೆಯಲ್ಲ, ಮಧ್ಯವರ್ತಿ. ಮನೆ ತೋರಿಸಿದ ದಿನವೇ ಬೆಲೆಯ ಮಾತು ಮುಗಿಯುತ್ತದೆ. ‘ಬೇರೆಯವರು ಕಾದಿದ್ದಾರೆ’ ಎಂಬ ಮಾತಿನೊಂದಿಗೆ ಟೋಕನ್ ಹಣವೂ ಕೈಬದಲಾಗುತ್ತದೆ. ಅಮೆರಿಕದಂಥ ದೇಶಗಳಲ್ಲಿ ಖರೀದಿದಾರರು ಲಿಖಿತವಾಗಿ ಬೆಲೆ ತಿಳಿಸಿ, ಕಟ್ಟಡ ತಪಾಸಣೆಯಲ್ಲಿ ದೋಷ ಕಂಡುಬಂದರೆ ಹಿಂದೆ ಸರಿಯುವ ಷರತ್ತು ಹಾಕುವುದು ವಾಡಿಕೆ. ನಮ್ಮಲ್ಲಿ ಅಂಥ ಪದ್ಧತಿ ಬೆಳೆದಿಲ್ಲ. ಆ ಷರತ್ತನ್ನು ಖರೀದಿದಾರರೇ ಕೇಳಿ ಬರೆಸಿಕೊಳ್ಳಬೇಕು.

ಇದಕ್ಕೆ ಕಾನೂನಿನ ಕಾರಣವೂ ಇದೆ. ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಖರೀದಿದಾರ ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದ ಮುಖ್ಯ ದೋಷಗಳನ್ನು ಮಾರಾಟಗಾರ ತಿಳಿಸಬೇಕು. ಅಂದರೆ ಕಣ್ಣಿಗೆ ಕಾಣುವಂತಿದ್ದ ಬಿರುಕನ್ನು ನೋಡದೆ ಬಿಟ್ಟವರು ನಂತರ ದೂರುವುದು ಕಷ್ಟ. ರೇರಾ ಕಾಯ್ದೆಯಡಿ ಕಟ್ಟಡದ ರಚನಾ ದೋಷಕ್ಕೆ ಐದು ವರ್ಷಗಳ ಹೊಣೆ ಇರುವುದು ಯೋಜನೆಯ ಪ್ರವರ್ತಕರ ಮೇಲೆ. ಊರಿನ ಬೀದಿಯಲ್ಲಿ ಕೈಬದಲಾಗುವ ಹಳೆಯ ಮನೆಗೆ ಆ ರಕ್ಷಣೆ ಇಲ್ಲ.

ಟೋಕನ್ ಕೊಡಲೇಬೇಕಾದರೆ ಮೊತ್ತ ಚಿಕ್ಕದಿರಲಿ, ಬ್ಯಾಂಕ್ ಮೂಲಕವೇ ಸಂದಾಯವಾಗಲಿ. ಆಸ್ತಿ ವ್ಯವಹಾರದ ಮುಂಗಡವನ್ನು 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿರ್ಬಂಧವಿದೆ. ದಾಖಲೆ ಅಥವಾ ಕಟ್ಟಡದಲ್ಲಿ ದೋಷ ಕಂಡರೆ ಹಣ ವಾಪಸು ಎಂಬ ಒಂದು ಸಾಲು ರಸೀದಿಯಲ್ಲಿ ಇರಲೇಬೇಕು. ಮಾರಾಟಗಾರ ಈ ಒಂದು ಸಾಲಿಗೆ ಒಪ್ಪದಿದ್ದರೆ ಅದೇ ಒಂದು ಸೂಚನೆ.

ದಾಖಲೆಗಳಲ್ಲಿ ಏನು ನೋಡಬೇಕು?

ಋಣಭಾರ ಪತ್ರವನ್ನು (ಇ.ಸಿ.) ಎಲ್ಲರೂ ತೆಗೆಸುತ್ತಾರೆ. ಆದರೆ ನೋಂದಣಿಯಾಗದ ಕರಾರು, ಪಾಲುಪಟ್ಟಿ, ಉಯಿಲು ಅದರಲ್ಲಿ ಕಾಣುವುದಿಲ್ಲ. ಹೀಗಾಗಿ ಮೂಲಪತ್ರಗಳ ಜೊತೆಗೆ ವಂಶವೃಕ್ಷವನ್ನೂ ಕೇಳಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕು ನೀಡಿದ 2005ರ ತಿದ್ದುಪಡಿಯನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಇನ್ನಷ್ಟು ಸ್ಪಷ್ಟಪಡಿಸಿದ್ದು, ಮದುವೆಯಾಗಿ ಬೇರೆ ಊರಿಗೆ ಹೋದ ಸೋದರಿಯರ ಸಹಿ ಇಲ್ಲದ ಕ್ರಯ ಮುಂದೆ ನ್ಯಾಯಾಲಯದ ಮೆಟ್ಟಿಲೇರಬಹುದು.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆಗೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇದೆಯೇ ಎಂಬುದು ಮುಖ್ಯ. 11ಬಿ ಮಾತ್ರ ಇದ್ದರೆ ಅನುಮೋದನೆಯ ಕೊರತೆ ಇದೆಯೆಂದೇ ತಿಳಿದು ವಿಚಾರಿಸಬೇಕು. ಕೃಷಿ ಜಮೀನಿನ ಮೇಲೆ ಕಟ್ಟಿದ್ದಾದರೆ ಭೂಪರಿವರ್ತನೆಯ ಆದೇಶ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಊರ್ಜಿತವಲ್ಲ. 1978ರ ಕಾಯ್ದೆಗೆ 2023ರಲ್ಲಿ ಆದ ತಿದ್ದುಪಡಿ, ಮರಳಿ ಪಡೆಯುವ ಅರ್ಜಿಗೆ ಕಾಲಮಿತಿಯೇ ಇಲ್ಲವೆಂದಿದೆ. ಮೂವತ್ತು ವರ್ಷದ ಹಿಂದಿನ ಕ್ರಯ ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ. ಇನ್ನು ಜಿಪಿಎ ಮೇಲಿನ ‘ಮಾರಾಟ’ ಮಾಲೀಕತ್ವ ನೀಡದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕಟ್ಟಡದ ಪರೀಕ್ಷೆ

ಸಾಲ ನೀಡುವ ಬ್ಯಾಂಕಿನ ಮೌಲ್ಯಮಾಪಕರು ಬಂದು ನೋಡಿದ್ದಾರೆಂಬ ನೆಮ್ಮದಿ ಸಾಲದು. ಅವರು ಅಳೆಯುವುದು ಸಾಲಕ್ಕೆ ತಕ್ಕ ಭದ್ರತೆಯನ್ನು, ಸೋರುವ ಮಾಳಿಗೆಯನ್ನಲ್ಲ. ಖರೀದಿದಾರರ ಪರವಾಗಿ ಒಬ್ಬ ಸಿವಿಲ್ ಎಂಜಿನಿಯರ್ ಅರ್ಧ ದಿನ ಮನೆ ನೋಡುವುದು ಒಳಿತು. ಸಾಧ್ಯವಾದರೆ ಮಳೆ ಬಿದ್ದ ಮರುದಿನ.

ಈ ಭಾಗದ ಹಳೆಯ ಮನೆಗಳಲ್ಲಿ ಮಣ್ಣಿನ ಗಾರೆಯ ಕಲ್ಲುಗೋಡೆ, ಮೇಲೆ ಕಲ್ಲು ಚಪ್ಪಡಿ ಸಾಮಾನ್ಯ. ಚಪ್ಪಡಿಗಳ ಸಂದುಗಳಲ್ಲಿ ನೀರಿನ ಕಲೆ ಇದೆಯೇ, ಚಪ್ಪಡಿ ಹೊತ್ತ ತೊಲೆಗೆ ಗೆದ್ದಲು ಹಿಡಿದಿದೆಯೇ, ಅಂಥ ಗೋಡೆಯ ಮೇಲೆ ಯಾರಾದರೂ ಆರ್‌ಸಿಸಿ ಮಹಡಿ ಏರಿಸಿದ್ದಾರೆಯೇ ಎಂದು ನೋಡಬೇಕು. ಹೊಸ ಮನೆಯಾದರೆ ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಗೋಡೆಯ ಬುಡದ ತೇವ, ಮೂಲೆಯಲ್ಲಷ್ಟೇ ಹೊಸ ಬಣ್ಣ ಬಳಿದ ಜಾಗಗಳನ್ನು ಗಮನಿಸಬೇಕು. ಗಾರೆಯ ಕೂದಲೆಳೆಯಂಥ ಬಿರುಕಿಗೆ ಹೆದರಬೇಕಿಲ್ಲ.

ನೀರಿನದು ಬೇರೆಯದೇ ಕಥೆ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಕೊಳವೆಬಾವಿಯೇ ಆಧಾರ, ಅದರ ನೀರಿನಲ್ಲಿ ಫ್ಲೋರೈಡ್ ಈ ಭಾಗದ ಹಳೆಯ ಪಿಡುಗು. ಕುಡಿಯುವ ನೀರಿನಲ್ಲಿ ಅನುಮತಿಸಿದ ಗರಿಷ್ಠ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ. ನೀರನ್ನು ಪ್ರಯೋಗಾಲಯಕ್ಕೆ ಕಳಿಸಿ, ಕೊಳವೆಬಾವಿ ಬೇಸಿಗೆಯಲ್ಲಿ ಎಷ್ಟು ಹೊತ್ತು ಎತ್ತುತ್ತದೆಂದು ನೆರೆಮನೆಯವರನ್ನು ಕೇಳುವುದು ಲೇಸು. ಟೇಪು ಹಿಡಿದು ಚಕ್ಕುಬಂದಿಯನ್ನೂ ಅಳೆಯಬೇಕು, ಗ್ರಾಮ ನಕ್ಷೆಯಲ್ಲಿ ಕೆರೆ, ರಾಜಕಾಲುವೆ ಎಲ್ಲಿವೆ ಎಂದು ನೋಡಬೇಕು.

ಇದೆಲ್ಲ ಮುಗಿದ ಮೇಲೆ ಕ್ರಯದ ಕರಾರು. ಕರಾರು ನೋಂದಣಿಯಾದರೆ ಋಣಭಾರ ಪತ್ರದಲ್ಲಿ ಕಾಣಿಸಿಕೊಂಡು, ಅದೇ ಮನೆಯನ್ನು ಮತ್ತೊಬ್ಬರಿಗೆ ಮಾರಲು ಹೊರಟವರಿಗೆ ತಡೆಯಾಗುತ್ತದೆ. ಕರಾರಿನೊಂದಿಗೇ ಸ್ವಾಧೀನ ಪಡೆದರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ತೆರಬೇಕಾದೀತು. ಕ್ರಯಪತ್ರದ ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ 5, ಅದರ ಮೇಲೆ ಉಪಕರಗಳು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿದೆ. ತಪಾಸಣೆಯಲ್ಲಿ ಕಂಡ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯುವಂತೆ ಚೌಕಾಶಿ ಮಾಡಲು ಕರಾರಿಗೆ ಸಹಿ ಬೀಳುವವರೆಗೂ ಅವಕಾಶವಿರುತ್ತದೆ.