ಮಾಡಿದವನಿಗೇ ಬೆರಗು

ನಾಸಿಕದ ರಾಮಕುಂಡದ ಮೆಟ್ಟಿಲುಗಳ ಮೇಲೆ ನಿಂತಾಗಲೆಲ್ಲ ನಮಗೆ 'ಕವಿರಾಜಮಾರ್ಗ'ದ ನೆನಪಾಗುತ್ತದೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರೂಪುಗೊಂಡ ಆ ಗ್ರಂಥ ಕನ್ನಡ ನಾಡಿನ ಹರವನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿದೆ. ಹೊರನಾಡ ಕನ್ನಡಿಗರೆಂದು ಕರೆಸಿಕೊಳ್ಳುವ ನಾವು ಆ ಹಳೆಯ ಎಲ್ಲೆಯ ಅಂಚಿನಲ್ಲೇ ನೀರು ಕುಡಿಯುತ್ತಿದ್ದೇವೆ.

ಎಲ್ಲೆಯ ಹೆಮ್ಮೆಯನ್ನು ಹೇಳಿಕೊಳ್ಳಲು ಈ ಬರಹವಲ್ಲ. ಅದೇ ಪ್ರಸಂಗದಲ್ಲಿ ಬರುವ ಇನ್ನೊಂದು ಮೆಚ್ಚುಗೆ ನಮ್ಮನ್ನು ಬಹುಕಾಲದಿಂದ ಕಾಡಿದೆ. ಈ ನಾಡಿನ ಜನ ಶಾಸ್ತ್ರವನ್ನು ಓದಿ ಕಲಿಯದಿದ್ದರೂ ಕಾವ್ಯರಚನೆಯಲ್ಲಿ ನುರಿತವರು ಎಂದು ಗ್ರಂಥಕಾರ ಹೇಳುತ್ತಾನೆ. ಕಲಿಯದವರಿಗೆ ಆ ಪರಿಣತಿ ಬಂದದ್ದು ಹೇಗೆ? ಕಾರಣ ಹೇಳಲಾಗದಿದ್ದರೂ 'ಇದು ಸರಿ', 'ಇದು ತಪ್ಪು' ಎಂದು ಒಳಗಿನಿಂದ ಏಳುವ ಅರಿವನ್ನು ಅಂತಃಪ್ರಜ್ಞೆ ಎನ್ನುತ್ತೇವೆ. ದಿನನಿತ್ಯದ ಬದುಕಿನಲ್ಲಿ ಅದನ್ನು ಎಷ್ಟು ನಂಬಬಹುದು? ಈ ಪ್ರಶ್ನೆಗೆ ಉತ್ತರ ನಮ್ಮ ನೆರೆಯಲ್ಲೇ, ಎಲ್ಲೋರದ ಬಂಡೆಯಲ್ಲಿ ಇದೆಯೆಂದು ನಮಗೆ ತೋರುತ್ತದೆ.

ಛತ್ರಪತಿ ಸಂಭಾಜಿನಗರದಿಂದ ಸುಮಾರು 30 ಕಿಲೋಮೀಟರ್ ದೂರದ ಎಲ್ಲೋರದಲ್ಲಿ 16ನೆಯ ಗುಹೆಯೆಂಬ ಸಂಖ್ಯೆ ಹೊತ್ತಿರುವುದು ಕೈಲಾಸ ದೇವಾಲಯ. ಅದರ ಬಹುಭಾಗ ರಾಷ್ಟ್ರಕೂಟರ ಒಂದನೆಯ ಕೃಷ್ಣನ ಕಾಲದ್ದು, ಅಂದರೆ ಎಂಟನೆಯ ಶತಮಾನದ ಉತ್ತರಾರ್ಧದ್ದು. ಸುಮಾರು 82 ಮೀಟರ್ ಉದ್ದ, 46 ಮೀಟರ್ ಅಗಲ, 30 ಮೀಟರಿಗೂ ಮಿಕ್ಕ ಆಳಕ್ಕೆ ಬೆಟ್ಟವನ್ನು ಕಡಿದು, ನಡುವೆ ಉಳಿದ ಬಂಡೆಯನ್ನೇ ದೇಗುಲವಾಗಿಸಿದ್ದಾರೆ. ಕಟ್ಟಡದಲ್ಲಿ ಕಲ್ಲು ವಕ್ರವಾದರೆ ತೆಗೆದು ಬೇರೆಯದನ್ನು ಇಡಬಹುದು. ಇಲ್ಲಿ ತೆಗೆದದ್ದನ್ನು ಮರಳಿ ಇಡುವಂತಿಲ್ಲ. ಶಿಖರವನ್ನು ಕೆತ್ತುವಾಗಲೇ, ಇನ್ನೂ ಕಾಣದ ಕಂಬ, ಜಗಲಿ, ಆನೆಗಳಿಗೆ ಕೆಳಗೆ ಎಷ್ಟು ಕಲ್ಲು ಬಿಡಬೇಕೆಂಬುದು ಗೊತ್ತಿರಬೇಕು.

ಈ ದೇಗುಲದ ಬಗ್ಗೆ ಒಂದು ಅಪೂರ್ವ ಸಾಕ್ಷ್ಯವಿದೆ. ರಾಷ್ಟ್ರಕೂಟರ ಗುಜರಾತ್ ಶಾಖೆಯ ಕರ್ಕ ಸುವರ್ಣವರ್ಷನು ಶಕ 734ರಲ್ಲಿ, ಅಂದರೆ ಕ್ರಿ.ಶ. 812-13ರಲ್ಲಿ ಬರೆಯಿಸಿದ ಬರೋಡಾ ತಾಮ್ರಶಾಸನವು ಏಲಾಪುರದಲ್ಲಿ ಕೃಷ್ಣರಾಜನು ಮಾಡಿಸಿದ ದೇವಾಲಯವನ್ನು ವರ್ಣಿಸುತ್ತದೆ. ಇದು ಕೈಲಾಸವೇ ಎಂದು ರಾ. ಗೋ. ಭಂಡಾರಕರ್ ಗುರುತಿಸಿದರು. ವಿಮಾನಗಳಲ್ಲಿ ಸಾಗುವ ದೇವತೆಗಳು ಅದನ್ನು ಕಂಡು ಬೆರಗಾದರಂತೆ. ಅಷ್ಟಾದರೆ ಅದು ಶಾಸನಗಳ ವಾಡಿಕೆಯ ಹೊಗಳಿಕೆ. ಆದರೆ ಶಾಸನ ಇನ್ನೂ ಒಂದು ಹೆಜ್ಜೆ ಮುಂದಿಡುತ್ತದೆ: ಅದನ್ನು ಮಾಡಿದ ಶಿಲ್ಪಿಯೇ ಇದನ್ನು ತಾನು ಹೇಗೆ ಮಾಡಿದೆನೆಂದು ವಿಸ್ಮಯಗೊಂಡನಂತೆ, ಇಂಥ ಇನ್ನೊಂದನ್ನು ಮಾಡಲು ಅವನಿಂದಲೂ ಆಗದೆ ಹೋಯಿತಂತೆ.

ಅಂತಃಪ್ರಜ್ಞೆಯ ಗುರುತು ಇದೇ ಅಲ್ಲವೇ? ಕೈಗೆ ತಿಳಿದಿರುತ್ತದೆ, ಬಾಯಿಗೆ ವಿವರಿಸಲು ಬರುವುದಿಲ್ಲ. ಇಂಥ ಬೆರಗಿಗೆ ಜನಪದ ಪವಾಡದ ಕಥೆ ಹೆಣೆಯುತ್ತದೆ. ಶಿಖರವನ್ನು ಕಾಣುವವರೆಗೆ ಅನ್ನ ಮುಟ್ಟೆನೆಂದು ರಾಣಿ ವ್ರತ ಹಿಡಿದಳು, ಪೈಠಣದ ಕೋಕಸನೆಂಬ ಶಿಲ್ಪಿ ಮೇಲಿನಿಂದ ಕೆತ್ತತೊಡಗಿ ಕೆಲವೇ ದಿನಗಳಲ್ಲಿ ಶಿಖರವನ್ನು ತೋರಿಸಿದ ಎಂಬುದು ಮರಾಠಿಯಲ್ಲಿ ಉಳಿದು ಬಂದ ಕಥೆ. ಚೆಲುವಾದ ಕಥೆ, ಆದರೆ ಇತಿಹಾಸ ಬೇರೊಂದು ದಾರಿ ತೋರಿಸುತ್ತದೆ.

ಆ ದಾರಿ ನಾಸಿಕದಿಂದಲೇ ಆರಂಭವಾಗುತ್ತದೆ. ಇಲ್ಲಿನ ತ್ರಿರಶ್ಮಿ ಬೆಟ್ಟದ ಪಾಂಡವಲೇಣಿಯಲ್ಲಿ 10ನೆಯ ಗುಹೆ ಕ್ಷತ್ರಪ ನಹಪಾನನ ಅಳಿಯ ಉಷವದಾತ ಕೊರೆಯಿಸಿದ್ದು. 3ನೆಯದು ಸಾತವಾಹನ ರಾಜಮಾತೆ ಗೌತಮಿ ಬಲಶ್ರೀಯ ದಾನ. ಎರಡನ್ನೂ ಒಂದೇ ಬೆಳಗ್ಗೆ ನೋಡಿದವರಿಗೆ, ಹಿಂದಿನದನ್ನು ಮಾದರಿಯಾಗಿಟ್ಟುಕೊಂಡು ಮುಂದಿನದನ್ನು ಕೆತ್ತಿದ್ದು ಎದ್ದು ಕಾಣುತ್ತದೆ. ಕೈಲಾಸಕ್ಕೆ ಆರು ಶತಮಾನಗಳಿಗೂ ಮೊದಲೇ ಈ ಸೀಮೆಯ ಕೈಗಳು ಇದೇ ಬಸಾಲ್ಟ್ ಶಿಲೆಯ ಗುಣ, ಬಿರುಕು, ಪದರಗಳನ್ನು ಅರಿಯತೊಡಗಿದ್ದವು. ಎಲ್ಲೋರದಲ್ಲಿಯೂ ಕೈಲಾಸಕ್ಕೆ ಮುನ್ನ ಸುಮಾರು ಎರಡು ಶತಮಾನ ಉಳಿಯ ಸದ್ದು ಕೇಳಿಸಿತ್ತು. ಇನ್ನು ದೇಗುಲದ ರೂಪ ಬಂದದ್ದು ದಕ್ಷಿಣದಿಂದ. ಪಟ್ಟದಕಲ್ಲಿನಲ್ಲಿ ಚಾಲುಕ್ಯ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯಕ್ಕೂ ಕೈಲಾಸಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಮತ್ತೆ ಮತ್ತೆ ಎತ್ತಿ ತೋರಿಸಿದ್ದಾರೆ. ಆ ವಿರೂಪಾಕ್ಷವನ್ನು ನಿರ್ಮಿಸಿದ ಅನಿವಾರಿತಾಚಾರಿ ಗುಂಡನಿಗೆ 'ತ್ರಿಭುವನಾಚಾರಿ' ಎಂಬ ಬಿರುದು ಸಂದದ್ದನ್ನು ಅಲ್ಲಿನ ಕನ್ನಡ ಶಾಸನ ಹೇಳುತ್ತದೆ. ಕೈಲಾಸದ ಶಿಲ್ಪಿಯ ಹೆಸರನ್ನು ಯಾವ ಶಾಸನವೂ ಉಳಿಸಿಲ್ಲ. ಆದರೆ ಅವನ ಕೈಯಲ್ಲಿ ಸಹ್ಯಾದ್ರಿಯ ಕಲ್ಲಿನ ಪರಿಚಯವೂ ಮಲಪ್ರಭೆಯ ದಡದ ರೂಪಜ್ಞಾನವೂ ಕೂಡಿದ್ದವು. ಮೇಲಿನಿಂದ ಕೆತ್ತುವುದೂ ವ್ರತದ ಅವಸರದಿಂದ ಹುಟ್ಟಿದ್ದಾಗಿರಲಾರದು. ಕೆಳಗಿನ ಬಂಡೆಯ ಮೇಲೆಯೇ ನಿಂತು ಕೆಲಸ ಮಾಡಬಹುದಾದ್ದರಿಂದ ಸಾರುವೆಯ ಹಂಗು ತಪ್ಪುತ್ತದೆ. ಪೀಳಿಗೆಗಳ ಪಾಠ ಒಬ್ಬನ ಕೈಗೆ ಇಳಿದು, ಪಾಠವೆಂಬುದೇ ಮರೆತುಹೋದಾಗ ಅದು ಬೆರಗಾಗಿ ಕಂಡಿತು.

ಆ ಪಾಠವನ್ನು ಹೊರಗಿನಿಂದ ನಕಲು ಮಾಡುವುದು ಸುಲಭವಲ್ಲ. ಎಲ್ಲೋರದ ಜೈನ ಗುಹೆಗಳ ಸಾಲಿನಲ್ಲಿ 'ಛೋಟಾ ಕೈಲಾಸ' ಎಂದು ಕರೆಯುವ 30ನೆಯ ಗುಹೆ ಅದೇ ಮಾದರಿಯ ಕಿರಿಯ ಪ್ರಯತ್ನ. ಅದು ಅಪೂರ್ಣವಾಗಿಯೇ ನಿಂತಿದೆ.

ನಮ್ಮ ಶಾಸ್ತ್ರಕಾರರು ಇದನ್ನು ಬಲ್ಲವರಾಗಿದ್ದರು. ಭರ್ತೃಹರಿ 'ವಾಕ್ಯಪದೀಯ'ದಲ್ಲಿ ಪ್ರತಿಭೆಯ ಮೂಲಗಳನ್ನು ಎಣಿಸುವಾಗ ಸ್ವಭಾವದ ಜೊತೆಗೆ ಅಭ್ಯಾಸವನ್ನೂ ಸೇರಿಸುತ್ತಾನೆ. 'ಕವಿರಾಜಮಾರ್ಗ'ಕ್ಕೆ ಆಧಾರವಾದ 'ಕಾವ್ಯಾದರ್ಶ'ದಲ್ಲಿ ದಂಡಿಯು ಹುಟ್ಟಿನಿಂದ ಬಂದ ಪ್ರತಿಭೆಯ ಪಕ್ಕದಲ್ಲಿಯೇ ವಿದ್ಯೆಯನ್ನೂ ಎಡೆಬಿಡದ ಶ್ರಮವನ್ನೂ ಇಡುತ್ತಾನೆ. 2009ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್‌ಮನ್ ಮತ್ತು ಗ್ಯಾರಿ ಕ್ಲೈನ್ ಜೊತೆಗೂಡಿ ಬರೆದ ಪ್ರಬಂಧವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳಿತು. ಒಬ್ಬರು ಅಂತಃಪ್ರಜ್ಞೆಯನ್ನು ಶಂಕಿಸುತ್ತಿದ್ದವರು, ಇನ್ನೊಬ್ಬರು ಮೆಚ್ಚುತ್ತಿದ್ದವರು. ಇಬ್ಬರೂ ಒಪ್ಪಿದ್ದು ಎರಡು ಷರತ್ತುಗಳಿಗೆ: ಕೆಲಸದ ಕ್ಷೇತ್ರದಲ್ಲಿ ಒಂದು ಕ್ರಮ ಇರಬೇಕು, ತಪ್ಪು-ಸರಿ ತಿಳಿದು ಕಲಿಯುವ ಅವಕಾಶ ದೀರ್ಘಕಾಲ ದೊರೆತಿರಬೇಕು. ಕಲ್ಲುಕುಟಿಗನಿಗೆ ಎರಡೂ ಇದ್ದವು. ತಪ್ಪಿದ ಪೆಟ್ಟಿಗೆ ಕಲ್ಲು ಆ ಕ್ಷಣವೇ ಉತ್ತರ ಕೊಡುತ್ತದೆ.

ಈ ಷರತ್ತುಗಳ ಬೆಲೆ ನಮಗೆ ತಿಳಿದದ್ದು ಒಂದು ತಪ್ಪಿನಿಂದ. ನೌಕರಿಯ ಮೊದಲ ವರ್ಷಗಳಲ್ಲಿ ನಮ್ಮ ಜೊತೆಗಿದ್ದ ಹಿರಿಯ ಗುಮಾಸ್ತರೊಬ್ಬರು ಕಡತದ ಹಾಳೆ ಮಗುಚುತ್ತಲೇ "ಇಲ್ಲೇನೋ ಸರಿಯಿಲ್ಲ, ನೋಡಿ" ಎನ್ನುತ್ತಿದ್ದರು. ಹುಡುಕಿದರೆ ಬಹುಸಲ ಮೊತ್ತವೋ ತಾರೀಖೋ ತಪ್ಪಿರುತ್ತಿತ್ತು. ಅದನ್ನು ಕಂಡು ನಮಗೂ ಆ ಕಣ್ಣು ಬಂದಿದೆಯೆಂಬ ಭ್ರಮೆ ಹುಟ್ಟಿತು. ಒಮ್ಮೆ ವೃದ್ಧರೊಬ್ಬರ ಪಿಂಚಣಿ ಕಾಗದದ ಮೇಲಿನ ಸಹಿ 'ಅವರದಲ್ಲ' ಎಂದು ಮನಸ್ಸಿಗೆ ಹೊಳೆದು, ಕಾಗದವನ್ನು ಹಿಂದಿರುಗಿಸಿದೆವು. ವಾರದ ನಂತರ ಅವರೇ ಬಂದು ನಮ್ಮೆದುರು ಸಹಿ ಮಾಡಿದರು. ಬೆರಳುಗಳು ನಡುಗುತ್ತಿದ್ದವು. ಅಕ್ಷರಗಳು ಮೊದಲಿನಂತೆಯೇ ಬಂದವು. ಹಿರಿಯರ ಬೆನ್ನಿಗೆ ಮೂವತ್ತು ವರ್ಷಗಳ ಕಡತಗಳೂ, ಲೆಕ್ಕಪರಿಶೋಧನೆಯಲ್ಲಿ ಮರಳಿ ಬಂದ ತಪ್ಪುಗಳೂ ಇದ್ದವು. ನಮ್ಮ ಬಳಿ ಇದ್ದದ್ದು ಅವರ ಧಾಟಿ ಮಾತ್ರ. ಅಂದಿನಿಂದ ಮನಸ್ಸಿಗೆ ಏನಾದರೂ ಬಲವಾಗಿ ಹೊಳೆದರೆ ಅದನ್ನು ತಾರೀಖಿನೊಡನೆ ಸಣ್ಣ ಪುಸ್ತಕದಲ್ಲಿ ಬರೆದಿಟ್ಟು, ಫಲ ತಿಳಿದ ಮೇಲೆ ತಾಳೆ ನೋಡುವ ರೂಢಿ ಮಾಡಿಕೊಂಡೆವು. ಅಂಕಿಗಳ ವಿಷಯದಲ್ಲಿ ನಮ್ಮ ಒಳದನಿ ಈಗ ಸಾಕಷ್ಟು ನಂಬಿಕೆಗೆ ಅರ್ಹ. ಮನುಷ್ಯರ ವಿಷಯದಲ್ಲಿ ಇಂದಿಗೂ ಎರಡನೆಯ ಸಲ ಕೇಳಿಯೇ ತೀರ್ಮಾನಿಸುತ್ತೇವೆ.

ಇನ್ನು ನಾವು ಆರಂಭದಲ್ಲಿ ಎತ್ತಿದ ಪ್ರಶ್ನೆ. ಓದದೆಯೂ ಕಾವ್ಯದಲ್ಲಿ ನುರಿತ ಆ ಜನರ ಸುತ್ತ ಹಗಲಿರುಳೂ ಕನ್ನಡವಿತ್ತು. ಅವರ ಶಾಲೆ ಅವರ ಕಿವಿಯಾಗಿತ್ತು. ಗೋದಾವರಿಯ ದಡದ ನಮ್ಮ ಮಕ್ಕಳಿಗೆ ಆ ಶಾಲೆ ತಾನಾಗಿ ದೊರೆಯುವುದಿಲ್ಲ. ಸಂಭಾಜಿನಗರದ ಸ್ನೇಹಿತರ ಮನೆಯಲ್ಲಿ ಐದು ವರ್ಷದ ಮಗು ಕಿಟಕಿಯಿಂದ ಇಣುಕಿ "ಗಾಡಿ ಬಂದಳು" ಎಂದಿತು. ಮರಾಠಿಯಲ್ಲಿ ಗಾಡಿ ಸ್ತ್ರೀಲಿಂಗ. ಮಗುವಿನ ಕಿವಿ ತಾನು ಕೇಳಿದ್ದನ್ನು ತಪ್ಪದೆ ಕಲಿತಿತ್ತು. "ಗಾಡಿ ಬಂತು ಅನ್ನು, ಪುಟ್ಟಿ" ಎಂದರು ಅಜ್ಜಿ. ಯಾಕೆಂದು ಮಗು ಕೇಳಿದಾಗ ಅವರ ಬಳಿ ಉತ್ತರವಿರಲಿಲ್ಲ. ಅಂದಿನಿಂದ ರಾತ್ರಿ ಊಟವಾದ ಮೇಲೆ ದಿನವೂ ಒಂದು ಕಥೆ ಹೇಳತೊಡಗಿದರು.

ಮೊನ್ನೆ ಕಥೆಯ ನಡುವೆ ಅಜ್ಜಿ ಬೇಕೆಂದೇ "ಬಂಡಿ ಬಂದಳು" ಎಂದರಂತೆ. ಮಗು ಥಟ್ಟನೆ ತಿದ್ದಿತು. ಯಾಕೆಂದು ಈ ಸಲ ಕೇಳಿದವರು ಅಜ್ಜಿ. ಮಗು ಸ್ವಲ್ಪ ಯೋಚಿಸಿ, "ಹಾಗೆ ಹೇಳಬಾರದು, ಅಷ್ಟೇ" ಎಂದಿತಂತೆ.