ಕಾರಿನ ಕೆಂಪು ಲೈಟುದೇ ಮನೆಯ ಮೂರನೇ ಪಿನ್ನುದೇ

ಕಳುದ ತಿಂಗಳು ಬೆಳ್ತಂಗಡಿ ಹೊಡೆಲಿ ಒಂದು ಉಪ್ನಯನಕ್ಕೆ ಹೋಗಿಪ್ಪಗ ಊಟದ ಹಂತಿಲಿ ಎನ್ನ ಹತ್ರೆ ಕೂದ ಅತ್ತಿಗೆ ಕೇಳಿತ್ತು, "ನಿಂಗಳ ಕರೆಂಟು ಕಾರು ಚಾರ್ಜೇ ಆವುತ್ತಿಲ್ಲೆಡ, ಮಾರ್ಲೆ ನೋಡ್ತಾ ಇದ್ದಿಡ, ಅಪ್ಪಾ?" ಹೇಳಿ. ಎನಗೆ ಹೋಳಿಗೆ ಗಂಟಲಿಲಿ ಸಿಕ್ಕಿದ ಹಾಂಗಾತು. ಶುದ್ದಿ ಬಂಟ್ವಾಳಂದ ಬೆಳ್ತಂಗಡಿಗೆ ಹೋಪಲೆ ಯಾವ ಚಾರ್ಜೂ ಬೇಡ ಇದಾ! ಕಾರು ಚಾರ್ಜು ಆಗದ್ದೆ ಇದ್ದದು ಸತ್ಯ. ಒಂದರಿ ಪ್ಲಗ್ಗು ಸಿಕ್ಕಿ ಬಿದ್ದದೂ ಸತ್ಯ. ಮಾರಿದ್ದಿಲ್ಲೆ. ಹಂತಿಲಿ ಕೂದು ಪೂರಾ ಹೇಳ್ಲೆ ಎಡಿಗಾತಿಲ್ಲೆ, ಹಾಂಗಾಗಿ ಇಲ್ಲಿ ಬರೆತ್ತಾ ಇದ್ದೆ. ನಿಂಗಳ ಮನೆಲಿ ಕರೆಂಟು ಕಾರು ಇಲ್ಲದ್ದರೂ ಅಕೇರಿವರೆಗೆ ಓದಿ. ವಾಶಿಂಗ್ ಮೆಶಿನು ಇದ್ದನ್ನೇ?

ಕರೆಂಟು ಕಾರು ಹೇಳಿರೆ ಈಗಾಣ ಮಕ್ಕಳ ಫ್ಯಾಶನ್ ಹೇಳಿ ಆನೂ ಗ್ರೇಶಿತ್ತಿದ್ದೆ. ಓದಿ ನೋಡಿರೆ, ಎನ್ನ ಅಜ್ಜಿ ಹುಟ್ಟುವ ಮದಲೇ ಅಮೇರಿಕಲ್ಲಿ ಅದು ಮಾರ್ಗಲ್ಲಿ ಓಡಿಗೊಂಡಿತ್ತು. ಆ ಕಾಲಲ್ಲಿ ಪೆಟ್ರೋಲ್ ಕಾರಿನ ಸ್ಟಾರ್ಟ್ ಮಾಡೆಕ್ಕಾರೆ ಎದುರು ನಿಂದು ಕಬ್ಬಿಣದ ಹ್ಯಾಂಡಲಿನ ಬಲ ಹಾಕಿ ತಿರುಗುಸೆಕ್ಕು. ಅದು ವಾಪಾಸು ಬಡುದರೆ ಕೈ ಮುರಿಗು. ಹೊಗೆ, ಶಬ್ದ, ಎಣ್ಣೆ ಕಲೆ ಬೇರೆ. ಕರೆಂಟಿನ ಕಾರಿಂಗೆ ಇದೆಂತದೂ ಇಲ್ಲೆ. ಹಾಂಗಾಗಿ ಅದಕ್ಕೆ ಹೆಮ್ಮಕ್ಕಳ ಕಾರು ಹೇಳಿಯೇ ಹೆಸರು ಬಿದ್ದತ್ತು. ತಮಾಶೆ ಎಂತರ ಹೇಳಿರೆ, ಪೆಟ್ರೋಲ್ ಕಾರಿನ ಲೋಕಕ್ಕೆಲ್ಲ ಮಾರಿದ ಹೆನ್ರಿ ಫೋರ್ಡ್ ಇದ್ದವಲ್ಲದಾ, ಅವರ ಹೆಂಡತಿ ಕ್ಲಾರಾ ಓಡಿಸಿಗೊಂಡಿದ್ದದು 1914ರ ಡೆಟ್ರಾಯಿಟ್ ಇಲೆಕ್ಟ್ರಿಕ್ ಹೇಳ್ತ ಕರೆಂಟು ಕಾರು. ಗೆಂಡ° ಮಾಡಿದ ಅಡಿಗೆ ಹೆಂಡತಿಗೆ ರುಚಿ ಆಗದ್ದ ಹಾಂಗೆ!

ಅಂದ್ರಾಣ ಚಾರ್ಜಿಂಗ್ ಹೇಂಗಿತ್ತು ಹೇಳಿರೆ, ಮನೆಗೆ ಬಪ್ಪ ಎ.ಸಿ. ಕರೆಂಟು ಬ್ಯಾಟರಿಗೆ ನೇರ ಆವುತ್ತಿಲ್ಲೆ, ಅದರ ಡಿ.ಸಿ. ಮಾಡೆಕ್ಕು. ಅದಕ್ಕೆ ಪಾದರಸ ಹಾಕಿದ ದೊಡ್ಡ ಗ್ಲಾಸಿನ ಬುರುಡೆ ಬಂತು. ಕೂಪರ್ ಹ್ಯೂವಿಟ್ ಹೇಳ್ತವು 1902ರಲ್ಲಿ ಕಂಡುಹಿಡುದ್ದದು. ಕಾರು ಕೊಟ್ಟಗೆಲಿ ಇರುಳಿಡೀ ಆ ಬುರುಡೆ ನೀಲಿ ಬಣ್ಣಲ್ಲಿ ಹೊಳಕ್ಕೊಂಡು ಇಕ್ಕು, ಕರೆಂಟು ಎಷ್ಟು ಹೋಯೆಕ್ಕು ಹೇಳಿ ಮನೆಯವೇ ಹ್ಯಾಂಡಲ್ ತಿರುಗುಸಿ ನೋಡೆಕ್ಕು. ಎರರ್ ತೋರ್ಸುಲೆ ಕೆಂಪು ಲೈಟು ಇಲ್ಲೆ. ತಪ್ಪಿರೆ ಬ್ಯಾಟರಿ ಹಾಳು, ಅಷ್ಟೆ. ಮತ್ತೆ 1912ರಲ್ಲಿ ಪೆಟ್ರೋಲ್ ಕಾರಿಂಗೂ ಸೆಲ್ಫ್ ಸ್ಟಾರ್ಟರ್ ಬಂತು, ಹ್ಯಾಂಡಲ್ ತಿರುಗುಸುವ ಕಷ್ಟ ಹೋತು. ಕರೆಂಟು ಕಾರು ಮೆಲ್ಲಂಗೆ ಮೂಲೆ ಸೇರಿತ್ತು.

ನಮ್ಮ ಕರ್ನಾಟಕಲ್ಲಿ ಇದರ ಕತೆ ಸುರು ಅಪ್ಪದು ಒಂದು ಅಬ್ಬೆಯ ಹೆಸರಿಲಿ. ಬೆಂಗಳೂರಿನ ಚೇತನ್ ಮೈನಿ ಹೇಳುವವು ಮಾಡಿದ ಕಾರು 2001ರಲ್ಲಿ ಪೇಟೆಗೆ ಬಂತು. ಕಂಪೆನಿ ಸುರು ಆದ್ದು 1994ರಲ್ಲಿ. ಕಾರಿಂಗೆ ಮಡಗಿದ ಹೆಸರು 'ರೇವಾ', ಅದು ಅವರ ಅಬ್ಬೆಯ ಹೆಸರು. ಬೆಂಗಳೂರಿಲಿ ತಂಗೆ ಮನಗೆ ಹೋಗಿಪ್ಪಗ ಆನು ಒಂದರಿ ನೋಡಿದ್ದೆ. ಎರಡು ಬಾಗಿಲು, ಎದುರು ಇಬ್ರು ದೊಡ್ಡವು, ಹಿಂದೆ ಎರಡು ಮಕ್ಕೊ ಕೂಪಷ್ಟು ಜಾಗೆ. ಸೀಟಿನ ಅಡಿಲಿ 6 ವೋಲ್ಟಿನ 8 ಬ್ಯಾಟರಿ, ನಮ್ಮ ಇನ್ವರ್ಟರಿನ ಹಾಂಗಿಪ್ಪ ಸೀಸದ ಬ್ಯಾಟರಿಯೇ. ಒಂದರಿ ಚಾರ್ಜ್ ಮಾಡಿರೆ ಸುಮಾರು 80 ಕಿಲೋಮೀಟರ್ ಹೋಪಲಕ್ಕು ಹೇಳಿತ್ತಿದ್ದವು. ಚಾರ್ಜರು ಕಾರಿನ ಒಳವೇ ಇತ್ತು, ಗ್ರೈಂಡರಿಂಗೆ ಹಾಕುವ ಹಾಂಗಿಪ್ಪ 15 ಆಂಪಿಯರಿನ ಸ್ವಿಚ್ಚಿಂಗೆ ವಯರು ಸಿಕ್ಕುಸಿರೆ ಆತು. ತಂಗೆಯ ಹತ್ರಾಣ ಮನೆಯವು ಕಿಟಿಕಿಂದ ವಯರು ಎಳದು ಚಾರ್ಜಿಂಗೆ ಹಾಕಿತ್ತಿದ್ದವು. "ಇದೆಂತ ಕಾರೋ, ಮಿಕ್ಸಿಯೋ" ಹೇಳಿ ಎಂಗೊ ನೆಗೆ ಮಾಡಿತ್ತಿದ್ದೆಯೊ°. ಅದೇ ಕಾರು 2004ರಿಂದ 'ಜಿ-ವಿಜ್' ಹೇಳ್ತ ಹೆಸರಿಲಿ ಲಂಡನಿಲಿ ಓಡಿತ್ತು. 2010ರಲ್ಲಿ ಕಂಪೆನಿಯ ಹೆಚ್ಚಿನ ಪಾಲಿನ ಮಹೀಂದ್ರದವು ತೆಕ್ಕೊಂಡವು. ಈಗ ನೆಗೆ ಮಾಡ್ಲೆ ಎನಗೆ ಮೋರೆ ಇಲ್ಲೆ, ಎನ್ನ ಜಾಲಿಲಿಯೂ ವಯರು ನೇಲುತ್ತಾ ಇದ್ದು.

ಪ್ಲಗ್ಗಿನ ಕತೆ ಅದಕ್ಕಿಂತ ಗಡಿಬಿಡಿ. ಅಮೇರಿಕಲ್ಲಿ 1996ರಲ್ಲಿ ಒಂದು ಕಂಪೆನಿ ಲೋಹದ ಪಿನ್ನೇ ಇಲ್ಲದ್ದ ಚಾರ್ಜರ್ ತಂತು. ಸಟ್ಟುಗದ ಹಾಂಗಿಪ್ಪ ಪ್ಲಾಸ್ಟಿಕಿನ ತುಂಡಿನ ಕಾರಿನ ಒಟ್ಟೆಗೆ ಹಾಕಿರೆ ಸರಿ, ಇಂಡಕ್ಷನ್ ಒಲೆಯ ಕ್ರಮಲ್ಲಿ ಕರೆಂಟು ದಾಂಟುಗು. ಒಳ್ಳೆ ಉಪಾಯವೇ, ಆದರೆ ನಿಂದತ್ತಿಲ್ಲೆ. ಜಪಾನಿನವು 2010ರಲ್ಲಿ 'ಚಾಡೆಮೋ' ಹೇಳಿ ಸುರು ಮಾಡಿದವು. ಆ ಹೆಸರಿಲಿ ಜಪಾನಿ ಭಾಷೆಯ 'ಒಂದು ಚಾ ಆದರೂ ಕುಡಿವನಾ' ಹೇಳ್ತ ಮಾತು ಅಡಗಿದ್ದಡ. ಚಾ ಕುಡುದು ಮುಗಿವಗ ಚಾರ್ಜು ಆವುತ್ತು ಹೇಳಿ ಅರ್ಥ. ಎನಗೆ ಇದು ತುಂಬ ಖುಷಿ ಆತು. ಜರ್ಮನಿಯ ಮೆನ್ನೆಕೆಸ್ ಕಂಪೆನಿಯವು ಮಾಡಿದ 7 ಪಿನ್ನಿನ ಉರುಟು ಪ್ಲಗ್ಗಿನ 2014ರಲ್ಲಿ ಯುರೋಪಿನವು ಒಪ್ಪಿದವು. ಅದಕ್ಕೆ ಟೈಪ್ 2 ಹೇಳುದು. ಅದರ ಅಡಿಲಿ ಎರಡು ದಪ್ಪ ಪಿನ್ನು ಸೇರ್ಸಿರೆ ಬೇಗ ಚಾರ್ಜು ಮಾಡ್ತ ಸಿಸಿಎಸ್ 2. ಈಗ ನಮ್ಮ ಊರಿನ ಹೆಚ್ಚಿನ ಕಾರಿಲಿ ಇಪ್ಪದು ಇದುವೇ.

ಈ ಪ್ಲಗ್ಗಿಂಗೆ ಒಂದು ಬೀಗ ಇದ್ದು, ಎಂಗೊಗೆ ಮಳೆಲಿ ಪಾಠ ಕಲುಶಿದ್ದು ಅದುವೇ. ಯುರೋಪಿಲಿ ಚಾರ್ಜ್ ಮಾಡ್ತ ಕೇಬಲಿನ ಕಾರಿನವೇ ತೆಕ್ಕೊಂಡು ಹೋಪದು. ಮಾರ್ಗದ ಕರೆಲಿ ಹಾಕಿಕ್ಕಿ ಹೋದರೆ ಕಳ್ಳಂಗೊ ಹೊತ್ತೊಂಡು ಹೋಗವಾ? ಮತ್ತೆ, ಫಾಸ್ಟ್ ಚಾರ್ಜರಿಲಿ ಡಿ.ಸಿ. ಕರೆಂಟು ಹರಿತ್ತಾ ಇಪ್ಪಗ ಆರಾರು ಪ್ಲಗ್ಗು ಎಳದರೆ ಕಿಚ್ಚು ಹಾರಿ ಕೈ ಹೊತ್ತುಗು. ಈ ಎರಡಕ್ಕೂ ಬೇಕಾಗಿ ಕಾರಿನ ಒಟ್ಟೆಯ ಒಳಂದ ಒಂದು ಸಣ್ಣ ಕಡ್ಡಿ ಬಂದು ಪ್ಲಗ್ಗಿನ ಹಿಡ್ಕೊಳ್ತು, ನಮ್ಮ ಹಳೇ ಬಾಗಿಲಿನ ಅಗುಳಿಯ ಹಾಂಗೆ.

ಕಳುದ ಆಟಿ ತಿಂಗಳಿಲಿ ಧರ್ಮಸ್ಥಳಂದ ಬಪ್ಪಗ ದಾರಿಲಿ ಒಂದು ಕಡೆ ಚಾರ್ಜಿಂಗೆ ಹಾಕಿದೆಯೊ°. ಎಂಗೊ ಇಬ್ರು, ಮತ್ತೆ ಹಿಂದಾಣ ಸೀಟಿಲಿ ಅತ್ತೆ. ಅವಕ್ಕೆ 84 ವರ್ಷ. ಇರುಳಾಣ ಮಾತ್ರೆ ಮನೆಲಿಯೇ ಒಳುದ್ದು. ಚಾರ್ಜು ಮುಗುದತ್ತು ಹೇಳಿ ತೋರ್ಸಿತ್ತು. ಇವು ಪ್ಲಗ್ಗು ಎಳದವು, ಬಯಿಂದಿಲ್ಲೆ. ಎರಡು ಕೈ ಹಾಕಿ, ಕಾಲಿನ ಬಂಪರಿಂಗೆ ಕೊಟ್ಟು ಎಳದವು, ಊಹೂಂ. ಜೋರು ಮಳೆ, ಗಂಟೆ ಎಂಟು, ಅತ್ತೆ ಒಳಂದ "ಬಸ್ಸಿಲಿ ಬಂದರೆ ಆವ್ತಿತ್ತು" ಹೇಳಿಗೊಂಡು ಇದ್ದವು. ಮಗಂಗೆ ಫೋನ್ ಮಾಡಿರೆ ಅವ° ಸುರುವಿಂಗೇ ಹೇಳಿದ್ದು, "ಅಪ್ಪ°, ಎಳೆಯೆಡಿ!" ಎಳದಷ್ಟೂ ಆ ಕಡ್ಡಿ ಬಿಗಿ ಆವುತ್ತಡ. ಮೊಬೈಲಿಲಿ ಚಾರ್ಜಿಂಗ್ ಪೂರಾ ನಿಂದಿದಾ ನೋಡೆಕ್ಕು. ಮತ್ತೆ ಕೀಲಿ ಕಾರಿನ ಒಂದರಿ ಲಾಕ್ ಮಾಡಿ ಅನ್‌ಲಾಕ್ ಮಾಡೆಕ್ಕು. ಆ ಹೊತ್ತಿಲಿ ಒಬ್ಬ ಭಾರದ ಕೇಬಲಿನ ನೆಗ್ಗಿ ಹಿಡುದು ಪ್ಲಗ್ಗಿನ ಒಳಾಂಗೆ ಒತ್ತೆಕ್ಕು. ಕೇಬಲಿನ ಭಾರ ನೇತರೆ ಪ್ಲಗ್ಗು ಓರೆ ಆಗಿ ಕಡ್ಡಿ ಸಿಕ್ಕಿಗೊಳ್ತು ಇದಾ. ಆನು ಕೊಡೆ ಬಿಟ್ಟು ಕೇಬಲ್ ನೆಗ್ಗಿದೆ, ಇವು ಕೀ ಒತ್ತಿದವು. 'ಟಕ್' ಹೇಳಿ ಶಬ್ದ ಆತು, ಪ್ಲಗ್ಗು ಬೆಣ್ಣೆಂದ ಕೂದಲು ತೆಗದ ಹಾಂಗೆ ಬಂತು. ಮನಗೆ ಬಂದು ಪುಸ್ತಕ ನೋಡಿರೆ, ಕೆಲವು ಕಾರಿಲಿ ಇದಕ್ಕೆ ಬೇಕಾಗಿ ಒಳದಿಕ್ಕೆ ಒಂದು ಎಳೆವ ದಾರವೂ ಇರ್ತು ಹೇಳಿ ಇದ್ದು. ನಿಂಗಳದ್ದರಲ್ಲಿ ಎಲ್ಲಿದ್ದು ಹೇಳಿ ಹಗಲು ಹೊತ್ತಿಲಿ, ಮಳೆ ಇಲ್ಲದ್ದಿಪ್ಪಗ ನೋಡಿ ಮಡಗಿ.

ಅದು ಸಣ್ಣ ಸಂಗತಿ. ದೊಡ್ಡದು ಬಂದದು ಬೇಸಗೆಲಿ. ಮನೆಲಿ ಚಾರ್ಜಿಂಗೆ ಹಾಕಿರೆ ಕೇಬಲಿನ ಎಡಕ್ಕಿಲಿಪ್ಪ ಪೆಟ್ಟಿಗೆಲಿ ಕೆಂಪು ಲೈಟು. ಒಂದು ದಿನ ಆವುತ್ತು, ಎರಡು ದಿನ ಆವುತ್ತಿಲ್ಲೆ. ಹೊತ್ತೋಪಗ ತೋಟಕ್ಕೆ ಪಂಪು ಬಿಡುವಗ ವೋಲ್ಟೇಜು ಕಮ್ಮಿ ಆವುತ್ತು, ಅದಕ್ಕೇ ಆದಿಕ್ಕು ಹೇಳಿ ಇರುಳು ಹನ್ನೊಂದು ಗಂಟಗೆ ಎದ್ದು ಹಾಕಿ ನೋಡಿದೆ. ಕೆಂಪೇ. ಪ್ಲಗ್ಗಿನ ಒಟ್ಟೆಲಿ ಮಣ್ಣಿನ ಗೂಡು ಕಟ್ಟುವ ಹುಳು ಇದ್ದಾ ಹೇಳಿ ಟಾರ್ಚು ಬಿಟ್ಟು ನೋಡಿದೆ (ನಗೆಡಿ, ಮೂಡಬಿದ್ರೆಲಿ ಮಗಳ ಮನೆಯ ಗೇಟಿನ ಬೀಗಲ್ಲಿ ಹಾಂಗೆ ಆಯಿದು). ಮತ್ತೆ ಒಂದು ಐತವಾರ ಅದೇ ಪೆಟ್ಟಿಗೆಯ ಮಗಳ ಮನಗೆ ತೆಕ್ಕೊಂಡು ಹೋಗಿ ಹಾಕಿರೆ, ಹಸುರು ಲೈಟು! ಅಂಬಗ ಕಾರುದೇ ಸರಿ, ಪೆಟ್ಟಿಗೆದೇ ಸರಿ. ಎಂಗಳ ಮನೆಯೇ ಸರಿ ಇಲ್ಲೆ. ಇವಕ್ಕೆ ಇದು ಒಪ್ಪುಲೆ ರಜ ಕಷ್ಟ ಆತು, ಅಪ್ಪ° ಕಟ್ಟುಸಿದ ಮನೆ ಅಲ್ಲದಾ.

ಅಷ್ಟಪ್ಪಗ ಒಬ್ಬ ನೆಂಟ್ರು ಉಪಾಯ ಹೇಳಿಕೊಟ್ಟವು. ಪ್ಲಗ್ಗಿನ ಒಳ ನ್ಯೂಟ್ರಲಿಂದ ಮೂರನೇ ಪಿನ್ನಿಂಗೆ ಒಂದು ತುಂಡು ವಯರು ಸಿಕ್ಕುಸಿರೆ ಕೆಂಪು ಲೈಟು ಹೋವುತ್ತು, "ಎಲ್ಲೋರು ಮಾಡ್ತವು" ಹೇಳಿ. ಇವು ಸ್ಕ್ರೂ ಡ್ರೈವರ್ ಹಿಡ್ಕೊಂಡು ಕೂದಾತು. ಆನು ಬಿಟ್ಟಿದಿಲ್ಲೆ. ಎನಗೆ ಗೊಂತಿತ್ತು ಹೇಳಿ ಅಲ್ಲ, ಕೆಂಪು ಲೈಟಿನ ಬಾಯಿ ಕಟ್ಟುದು ಎಂತಕೋ ಸರಿ ಕಂಡತ್ತಿಲ್ಲೆ. ಮತ್ತೆ ಗೊಂತಾದ್ದು, ಹಾಂಗೆ ಮಾಡಿದ ಮೇಗೆ ನ್ಯೂಟ್ರಲ್ ವಯರು ಎಲ್ಲಿಯಾರು ಕಡುದರೆ ಕಾರಿನ ಇಡೀ ಮೈಗೆ ಕರೆಂಟು ಬತ್ತು. ಜಾಲಿಲಿ ಚೆಂಡಾಟ ಆಡ್ತ ಪುಳ್ಳಿ ಆ ಕಾರಿನ ಮುಟ್ಟಿದ್ದರೆ?

ವಯರಿಂಗಿನ ಹುಡುಗನ ಬಪ್ಪಲೆ ಹೇಳಿದೆಯೊ°. ಅವ° ಒಂದು ಬಲ್ಬಿನ ಫೇಸಿಂಗೂ ನ್ಯೂಟ್ರಲಿಂಗೂ ಹಿಡುದ°, ಹೊತ್ತಿತ್ತು. ಫೇಸಿಂಗೂ ಮೂರನೇ ಒಟ್ಟೆಗೂ ಹಿಡುದ°, ಹೊತ್ತಿದ್ದಿಲ್ಲೆ. (ಇದು ಕೆಲಸ ಗೊಂತಿಪ್ಪವು ಮಾಡೆಕ್ಕಾದ್ದು, ನಿಂಗೊ ಮಾಡ್ಲೆ ಹೋಗೆಡಿ.) "ಅಕ್ಕಾ, ಮೂಲು ಅರ್ತೇ ಇಜ್ಜಿ" ಹೇಳಿದ° ತುಳುವಿಲಿ, ಇಲ್ಲಿ ಅರ್ತೇ ಇಲ್ಲೆ ಹೇಳಿ.

ಈ ಅರ್ತಿನ ಕತೆಯೂ ಹೇಳೆಕ್ಕು. ನಮ್ಮ ಜಿಲ್ಲೆ 1956ರ ವರೆಗೆ ಮದ್ರಾಸಿಂಗೆ ಸೇರಿಗೊಂಡಿತ್ತು, ಮತ್ತೆ ಮೈಸೂರಿಂಗೆ ಸೇರಿತ್ತು. 1957ರಲ್ಲಿ ವಿದ್ಯುತ್ ಮಂಡಳಿ ಆತು. ಹೆಸರು ಬದಲಿ ಮೆಸ್ಕಾಂ ಆದ್ದು 2002ರಲ್ಲಿ, ಆದರೆ ಅತ್ತೆಗೆ ಈಗಳೂ ಬಿಲ್ಲು 'ಕೆ.ಇ.ಬಿ.'ದೇ. ಎಂಗಳ ಮನಗೆ ಕರೆಂಟು ಬಂದದು 1984ರಲ್ಲಿ, ಅದುದೇ ತೋಟದ ಪಂಪಿಂಗೆ ಬೇಕಾಗಿ. ಮನಗೆ ಬಲ್ಬು ಐದು, ಫ್ಯಾನು ಒಂದು. ಎರಡು ಪಿನ್ನು ಸಾಕಾತು. ಮೂರನೇ ಪಿನ್ನು ಎಂತಕೆ ಹೇಳಿ ಆರೂ ಕೇಳಿದ್ದವಿಲ್ಲೆ. ಅದು ಉಳುದ ಎರಡಕ್ಕಿಂತ ಉದ್ದ, ದಪ್ಪ ಇಪ್ಪದು ಚೆಂದಕ್ಕಲ್ಲ. ಹಾಕುವಗ ಎಲ್ಲದಕ್ಕಿಂತ ಮದಲು ಮುಟ್ಟೆಕ್ಕು, ತೆಗವಗ ಎಲ್ಲದಕ್ಕಿಂತ ಮತ್ತೆ ಬಿಡೆಕ್ಕು ಹೇಳಿ. ಮೆಶಿನಿನ ಒಳ ಕರೆಂಟು ಸೋರಿರೆ ಅದರ ಮಣ್ಣಿಂಗೆ ಮುಟ್ಟುಸುದು ಅದರ ಕೆಲಸ. ಕಾರಿನ 7 ಪಿನ್ನಿಲಿಯೂ ಅರ್ತೇ ಮದಲು ಮುಟ್ಟುದು. ಮತ್ತೊಂದು ಸಣ್ಣ ಪಿನ್ನು ಅಕೇರಿಗೆ ಮುಟ್ಟಿ, ತೆಗವಗ ಸುರುವಿಂಗೆ ಬಿಡ್ತು. ಅದು ಬಿಟ್ಟ ಕೂಡ್ಲೆ ಕರೆಂಟು ನಿಲ್ಲುತ್ತು. ಅದೇ ಪಿನ್ನಿಲಿ ಕಾರುದೇ ಪೆಟ್ಟಿಗೆದೇ ಮಾತಾಡಿಗೊಂಬದು. ಪೆಟ್ಟಿಗೆ ಕರೆಂಟು ಬಿಡುವ ಮದಲು ಮನೆಯ ಅರ್ತಿನ ನೋಡ್ತು, ಇಲ್ಲದ್ದರೆ ಕೆಂಪು.

ಹುಡುಗ° ಅರ್ತಿನ ಗುಂಡಿ ಹುಡ್ಕಿದ°. ಸಿಕ್ಕಿದ್ದಿಲ್ಲೆ. ಅಕೇರಿಗೆ ಜಾಲಿಂಗೆ ಹಾಕಿದ ಇಂಟರ್‌ಲಾಕಿನ ಎರಡು ಕಲ್ಲು ಎಬ್ಬಿರೆ, ತುಕ್ಕು ಹಿಡುದ ಪೈಪಿನ ತಲೆ, ವಯರು ಕಡುದು ಬೇರೆ ಆಯಿದು. ಜಾಲು ಸಮ ಮಾಡ್ಲೆ ಜೆಸಿಬಿ ತಂದದು ಹನ್ನೆರಡು ವರ್ಷ ಹಿಂದೆ. ಪಂಪಿನ ಶೆಡ್ಡಿನ ಹಳೇ ಅರ್ತಿಂದ ಒಂದು ವಯರು ಇತ್ಲಾಗಿ ಬಯಿಂದು, ಅದರಿಂದಾಗಿ ಮಳೆಗಾಲಲ್ಲಿ ರಜ ಕೆಲಸ ಮಾಡಿಗೊಂಡಿತ್ತು. ಮುರಕಲ್ಲಿನ ಜಾಗೆ ಒಣಗಿಯಪ್ಪಗ ಅದುದೇ ಇಲ್ಲೆ. ಬೇಸಗೆಲಿ ಕೆಂಪು ಲೈಟು ಬಂದದು ಹಾಂಗೆ.

ಹೇಳಿರೆ ಹನ್ನೆರಡು ವರ್ಷ ಎಂಗಳ ವಾಶಿಂಗ್ ಮೆಶಿನಿಂಗೆ, ಗ್ರೈಂಡರಿಂಗೆ, ಗೀಸರಿಂಗೆ ಸರಿಯಾದ ಅರ್ತೇ ಇತ್ತಿಲ್ಲೆ. ಅತ್ತೆ ಎಷ್ಟೋ ಸರ್ತಿ ಹೇಳಿದ್ದವು, "ಆ ಮೆಶಿನು ಕಚ್ಚುತ್ತು ಕೂಸೇ" ಹೇಳಿ. ಆನು ನಂಬಿದ್ದಿಲ್ಲೆ. ಆನು ಯಾವಗಳೂ ಚೆಪ್ಪಲು ಹಾಕಿ ಬಟ್ಟೆ ತೆಗವದು, ಎನಗೆ ಗೊಂತಾಯಿದಿಲ್ಲೆ. ಅತ್ತೆ ಮಡಿ ಹೇಳಿ ಚೆಪ್ಪಲು ಹಾಕುತ್ತವಿಲ್ಲೆ, ಚೆಂಡಿ ಕಾಲಿಲಿ ನಿಂಬದು. ಪ್ರಾಯ ಆತು, ನರದ ತೊಂದರೆ ಆದಿಕ್ಕು ಹೇಳಿ ಆನು ಬಿ.ಸಿ. ರೋಡಿಂಗೆ ಡಾಕ್ಟರ ಹತ್ರೆ ಕರಕ್ಕೊಂಡು ಹೋಗಿ, ವಿಟಮಿನ್ ಮಾತ್ರೆ ಕೊಡ್ಸಿದ್ದೆ! ಆ ದಿನ ಇರುಳು ಎನಗೆ ಒರಕ್ಕು ಬಯಿಂದಿಲ್ಲೆ.

ಮರದಿನವೇ ಹೊಸ ಗುಂಡಿ ತೆಗೆಶಿದೆಯೊ°. ಬಟ್ಟೆ ಒಗವ ನೀರು ಹೋಪ ಬಾಳೆ ಬುಡದ ಹತ್ರೆ, ಎಂತಕೆ ಹೇಳಿರೆ ಅಲ್ಲಿ ವರ್ಷ ಇಡೀ ಮಣ್ಣು ಚೆಂಡಿ ಇರ್ತು. ಎಂಟಡಿ ಪೈಪು, ಸುತ್ತ ಮಸಿಕೆಂಡ, ಉಪ್ಪು, ಮೇಗೆ ಸಣ್ಣ ಮುಚ್ಚಲು. ಮೈನ್ ಬೋರ್ಡಿಂಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದೆಯೊ°, ರಜ ಸೋರಿರೂ ಕರೆಂಟು ತೆಗವದು ಅದರ ಕೆಲಸ. ಕಾರಿಂಗೆ ಬೇರೆಯೇ ವಯರು, ಬೇರೆಯೇ 16 ಆಂಪಿಯರಿನ ಸಾಕೆಟ್ಟು. ಎಕ್ಸ್‌ಟೆನ್ಶನ್ ಬೋರ್ಡಿಲಿ ಕಾರು ಚಾರ್ಜ್ ಮಾಡೆಡಿ, ಗಂಟೆಗಟ್ಲೆ ಎಳವಗ ಅದು ಕರಗುತ್ತು. ಗೃಹಜ್ಯೋತಿಯ ಯೂನಿಟ್ಟಿನ ಲೆಕ್ಕ ಕೇಳೆಡಿ, ಕಾರು ಬಂದ ಮತ್ತೆ ಆ ಭಾಗ್ಯ ಎಂಗೊಗೆ ಇಲ್ಲೆ.

ಆರ್‌ಸಿಸಿಬಿ ಹಾಕಿದ ದಿನ ಅದು ಮೂರು ಸರ್ತಿ ಬಿದ್ದತ್ತು. ಹುಡುಗ° ಒಂದೊಂದೇ ಪ್ಲಗ್ಗು ತೆಗದು ನೋಡಿದ°. ವಾಶಿಂಗ್ ಮೆಶಿನೇ. ಒಳ ಒಂದು ವಯರಿನ ಎಲಿ ಕಚ್ಚಿ ಚೋಲಿ ಹೋಗಿತ್ತು. ಅತ್ತೆ ಜೆಗಿಲಿಲಿ ಕೂದುಗೊಂಡು ಎಲ್ಲ ಕೇಳಿದವು, ಎಂತದೂ ಹೇಳಿದ್ದವಿಲ್ಲೆ. ಹೊತ್ತೋಪಗ ಎನ್ನ ದಿನುಗೇಳಿ, ಆ ವಿಟಮಿನ್ ಮಾತ್ರೆ ಇನ್ನು ತೆಕ್ಕೊಳೆಕ್ಕಾ ಹೇಳಿ ಕೇಳಿದವು. ಬೇಡ ಅತ್ತೇ ಹೇಳಿದೆ.