ಸರ್ವರ್ ಯಾರ ಮನೆಯಲ್ಲಿರಬೇಕು?

ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ 1990ರ ಕೊನೆಗೆ ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿ ತನ್ನ ಕಂಪ್ಯೂಟರನ್ನೇ ಜಗತ್ತಿನ ಮೊದಲ ವೆಬ್ ಸರ್ವರ್ ಆಗಿ ಮಾಡಿದರು. ಯಾರೋ ಅರಿಯದೆ ಅದನ್ನು ಆರಿಸಿಬಿಟ್ಟರೆ ಇಡೀ ವೆಬ್ಬೇ ನಿಂತುಹೋಗುತ್ತಿತ್ತು. ಆದ್ದರಿಂದ ಇದು ಸರ್ವರ್, ಆರಿಸಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದ ಒಂದು ಚೀಟಿಯನ್ನು ಅದರ ಮೇಲೆ ಅಂಟಿಸಿದ್ದರು. ಸರ್ವರ್ ಎಂದರೆ ಇಷ್ಟೇ: ನಾವು ಕೇಳಿದ ಪುಟವನ್ನು ಕಳುಹಿಸಲು ಹಗಲೂ ರಾತ್ರಿ ಎಚ್ಚರವಾಗಿರುವ ಒಂದು ಕಂಪ್ಯೂಟರ್. ಆ ಎಚ್ಚರವನ್ನು ನಾವೇ ಕಾಯಬೇಕೇ, ಹಣ ಕೊಟ್ಟು ಬಲ್ಲವರಿಂದ ಕಾಯಿಸಬೇಕೇ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಉಳಿದುಬಂದಿದೆ.

ಆರಂಭದ ದಿನಗಳಲ್ಲಿ ಈ ಪ್ರಶ್ನೆಗೆ ಅರ್ಥವೇ ಇರಲಿಲ್ಲ. ಬಲ್ಲವರು ಎಂಬ ಪ್ರತ್ಯೇಕ ವರ್ಗ ಇನ್ನೂ ಹುಟ್ಟಿರಲಿಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಲಿನಕ್ಸ್ ತಂತ್ರಾಂಶವನ್ನು ಎಲ್ಲರ ಮುಂದಿಟ್ಟರು. 1993ರಲ್ಲಿ ಸರ್ನ್ ಸಂಸ್ಥೆ ವೆಬ್ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದೆಂದು ಬಿಟ್ಟುಕೊಟ್ಟಿತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಸಿದ್ಧವಾಗಿದ್ದ ಸರ್ವರ್ ತಂತ್ರಾಂಶವನ್ನು ಬರೆದಾತ 1994ರಲ್ಲಿ ಅಲ್ಲಿಂದ ಹೊರಟುಹೋದಾಗ ಅದನ್ನು ನೋಡಿಕೊಳ್ಳುವವರೇ ಇಲ್ಲವಾದರು. ಆಗ ಅದನ್ನು ಬಳಸುತ್ತಿದ್ದವರೇ ತಾವು ಮಾಡಿಕೊಂಡ ದುರಸ್ತಿಗಳನ್ನು ಪರಸ್ಪರ ಹಂಚಿಕೊಳ್ಳತೊಡಗಿದರು. ಹೀಗೆ 1995ರಲ್ಲಿ ಅಪಾಚೆ ಹುಟ್ಟಿತು. ಒಂದೇ ವರ್ಷದಲ್ಲಿ ಅದು ಜಗತ್ತಿನ ಅತಿ ಹೆಚ್ಚು ಬಳಕೆಯ ವೆಬ್ ಸರ್ವರ್ ಆಯಿತು. ಅದಕ್ಕೆ ಯಜಮಾನನಿರಲಿಲ್ಲ, ಸಂಬಳವೂ ಇರಲಿಲ್ಲ.

ಆದರೆ ಕಲಿಕೆಗೂ ಒಂದು ಬೆಲೆಯಿದೆ. 1988ರ ನವೆಂಬರಿನಲ್ಲಿ ಮಾರಿಸ್ ಎಂಬ ವಿದ್ಯಾರ್ಥಿಯ ತಂತ್ರಾಂಶವೊಂದು ಸಾವಿರಾರು ಕಂಪ್ಯೂಟರುಗಳಿಗೆ ಹರಡಿದಾಗಲೇ, ಬಾಗಿಲು ತೆರೆದಿಟ್ಟರೆ ಏನಾಗುತ್ತದೆಂಬುದು ಗೊತ್ತಾಗಿತ್ತು. ತೊಂಬತ್ತರ ದಶಕದಲ್ಲಿ ವ್ಯಾಪಾರದ ಪತ್ರಗಳನ್ನು ರಾಶಿ ರಾಶಿಯಾಗಿ ಕಳುಹಿಸುವವರು, ಸರಿಯಾಗಿ ಬೀಗ ಹಾಕದ ಪರರ ಅಂಚೆ ಸರ್ವರುಗಳನ್ನು ತಮ್ಮ ಕೆಲಸಕ್ಕೆ ಬಳಸಿಕೊಂಡರು. ಅಂಥ ಸರ್ವರುಗಳು ಕಪ್ಪುಪಟ್ಟಿ ಸೇರಿದವು. ಅವುಗಳಿಂದ ಹೊರಟ ಪ್ರಾಮಾಣಿಕರ ಪತ್ರವೂ ತಲುಪದೆ ಹೋಯಿತು. ಒಬ್ಬನ ಅಜ್ಞಾನದ ದಂಡವನ್ನು ಅನೇಕರು ತೆರುವ ಸ್ಥಿತಿ ಇದು. ಇಂದಿಗೂ ವೆಬ್‌ಸೈಟನ್ನು ತಾನೇ ನಡೆಸುವುದು ಸುಲಭ, ಇ-ಮೇಲ್ ನಡೆಸುವುದು ಕಠಿಣ.

ನಮ್ಮ ದೇಶದ ಕಥೆ ಬೇರೆ. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮ ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆಯಿತು. ಫೋನ್ ತಂತಿಯ ಮೇಲೆ ನಿಧಾನವಾಗಿ ಬರುವ ಸಂಪರ್ಕ, ನಿಮಿಷ ನಿಮಿಷಕ್ಕೂ ಏರುವ ಬಿಲ್ಲು, ಮೇಲಿಂದ ಮೇಲೆ ಹೋಗುವ ಕರೆಂಟು. ಇಂಥಲ್ಲಿ ಮನೆಯಲ್ಲಿ ಸರ್ವರ್ ಇಡುವ ಮಾತೆಲ್ಲಿ? ನಾವು ಮೊದಲ ದಿನದಿಂದಲೇ ಬಾಡಿಗೆದಾರರಾದೆವು.

ಬಾಡಿಗೆಯೂ ನಿರ್ಭಯವಲ್ಲ. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಜನರಿಗೆ ಪುಕ್ಕಟೆ ಜಾಗ ಕೊಟ್ಟಿತ್ತು. 1999ರಲ್ಲಿ ಯಾಹೂ ಅದನ್ನು ಕೊಂಡು, 2009ರಲ್ಲಿ ಮುಚ್ಚಿತು. ಹವ್ಯಾಸಿಗಳು ಸಾಧ್ಯವಾದಷ್ಟು ಪುಟಗಳನ್ನು ನಕಲು ಮಾಡಿ ಉಳಿಸಿದರು. 2006ರಲ್ಲಿ ಅಮೆಜಾನ್ ಕಂಪ್ಯೂಟರ್ ಶಕ್ತಿಯನ್ನು ಗಂಟೆಯ ಲೆಕ್ಕದಲ್ಲಿ ಮಾರತೊಡಗಿದ ಮೇಲೆ ದೊಡ್ಡ ದೊಡ್ಡ ಸಂಸ್ಥೆಗಳೂ ಸ್ವಂತ ಯಂತ್ರಗಳನ್ನು ಬಿಟ್ಟವು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪೆನಿಯ ಸರ್ವರ್ ಕಟ್ಟಡವೊಂದು ಸುಟ್ಟುಹೋಯಿತು. ಹಣ ಕೊಟ್ಟಿದ್ದೇವೆ, ಎಲ್ಲವೂ ಭದ್ರ ಎಂದುಕೊಂಡು ಬೇರೆಡೆ ಪ್ರತಿ ಇಡದಿದ್ದ ಗ್ರಾಹಕರು ತಮ್ಮ ದಾಖಲೆಗಳನ್ನು ಶಾಶ್ವತವಾಗಿ ಕಳೆದುಕೊಂಡರು.

ಉರ್ದುವಿನಲ್ಲಿ ಅಮಾನತ್ ಎಂಬ ಮಾತಿದೆ. ನಂಬಿ ಒಪ್ಪಿಸಿದ ವಸ್ತು ಎಂದರ್ಥ. ಇಟ್ಟುಕೊಂಡವನಿಗೆ ಹೊಣೆಯಿರುವಂತೆ ಕೊಟ್ಟವನಿಗೂ ಏನನ್ನು, ಯಾರ ಬಳಿ, ಯಾವ ಷರತ್ತಿನ ಮೇಲೆ ಕೊಟ್ಟೆ ಎಂಬ ಅರಿವಿರಬೇಕು. ನಮ್ಮ ಊರುಗಳ ಶಾಲೆ, ಸಂಘ, ಸಣ್ಣ ಪತ್ರಿಕೆಗಳಲ್ಲಿ ಈ ಅರಿವಿನದೇ ಕೊರತೆ. ವೆಬ್‌ಸೈಟನ್ನು ಪರಿಚಯದ ಹುಡುಗನೊಬ್ಬ ಮಾಡಿಕೊಡುತ್ತಾನೆ. ವಿಳಾಸವೂ ಅವನ ಹೆಸರಿನಲ್ಲಿ, ಪಾಸ್‌ವರ್ಡೂ ಅವನ ಬಳಿ. ಅವನು ದುಬೈಗೋ ಬೆಂಗಳೂರಿಗೋ ಹೋದ ಮರುವರ್ಷ ಶುಲ್ಕ ಕಟ್ಟುವವರಿಲ್ಲದೆ, ಹತ್ತು ವರ್ಷದ ಬರಹಗಳು ಒಂದೇ ದಿನದಲ್ಲಿ ಕಾಣೆಯಾಗುತ್ತವೆ. ಅವನ ಮೇಲೆ ತಪ್ಪು ಹೊರಿಸಿ ಫಲವಿಲ್ಲ.

ಎರಡು ದಾರಿಗಳ ನಡುವೆ ಮೂರನೆಯದೂ ಇದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಸರ್ವರುಗಳನ್ನು ಜನರ ದೇಣಿಗೆಯಿಂದ ನಡೆಯುವ ಪ್ರತಿಷ್ಠಾನವೊಂದು ನೋಡಿಕೊಳ್ಳುತ್ತದೆ. ಅಲ್ಲಿನ ಬರಹಗಳ ಪೂರ್ಣ ಪ್ರತಿಯನ್ನು ಯಾರು ಬೇಕಾದರೂ ಇಳಿಸಿಟ್ಟುಕೊಳ್ಳಬಹುದು. ಹಿಂದೆ ಹಣ ತೆತ್ತು ಪಡೆಯಬೇಕಿದ್ದ ವೆಬ್‌ಸೈಟಿನ ಭದ್ರತಾ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಾರ್ವಜನಿಕ ಸೇವೆ 2015ರ ಕೊನೆಯಿಂದ ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಕಲಿಯುವವನ ದಾರಿ ಈಗ ಮೊದಲಿನಷ್ಟು ದುರ್ಗಮವಲ್ಲ.

ಎಲ್ಲರೂ ಸರ್ವರ್ ನಡೆಸಲು ಕಲಿಯಬೇಕೆಂದು ನಾವು ಹೇಳುವುದಿಲ್ಲ. ಬಲ್ಲವನಿಗೆ ಕೂಲಿ ಕೊಡುವುದು ನ್ಯಾಯ; ಅವನ ಬಳಿ ಪುಕ್ಕಟೆ ದುಡಿಸಿಕೊಳ್ಳುವುದು ಅನ್ಯಾಯ. ಆದರೆ ಮೂರು ವಿಷಯಗಳನ್ನು ಬಾಡಿಗೆಗೆ ಬಿಡಬಾರದು. ವಿಳಾಸ ಸಂಸ್ಥೆಯ ಹೆಸರಿನಲ್ಲೇ ಇರಬೇಕು. ಬರಹಗಳ ಒಂದು ಪ್ರತಿ ನಮ್ಮ ಕೈಯಲ್ಲಿರಬೇಕು. ಆ ಪ್ರತಿಯಿಂದ ಎಲ್ಲವನ್ನೂ ಮತ್ತೆ ಎದ್ದುನಿಲ್ಲಿಸಬಹುದೇ ಎಂದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ನೋಡುವ ಇಬ್ಬರು ನಮ್ಮೊಳಗಿರಬೇಕು. ಇಷ್ಟನ್ನು ಕಲಿತರೆ ಸರ್ವರ್ ಯಾರ ಮನೆಯಲ್ಲಿದ್ದರೂ ಬರಹ ನಮ್ಮದಾಗಿ ಉಳಿದೀತು.